ನಾಲ್ಕು ತಾಸಿನ ಸಣ್ಣಬೀರಪ್ಪ

ಸಣ್ಣಬೀರಪ್ಪ ಜೀವಮಾನದಲ್ಲಿ ಒಂದೇ ಒಂದು ಸಲ ವಿಮಾನ ಹತ್ತಿದ್ದ. ಹತ್ತಿದವನು ಎಂಟು ವರ್ಷ ಕೆಳಗಿಳಿಯಲೇ ಇಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ, ಅಕ್ಕ ಭೀಮವ್ವ ಬಡಿದು ಹಾಕಿದ ರೊಟ್ಟಿ ತಿನ್ನುತ್ತ, ಭಾವ ಮೈಲಪ್ಪನ ಆರಾಮ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ಆ ಮಹಾನುಭಾವ ದಿನಾ ಬೊಂಬಾಯಿಯಿಂದ ದಿಲ್ಲಿಗೆ ಹಾರುತ್ತಿದ್ದ. "ಏಳ್ನೂರ ಹದಿನೈದು ಮೈಲಿ. ನಾಲ್ಕು ತಾಸು. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿ ಇಲ್ಲ." ಈ ಮಾತು ಕೇಳಿಸಿಕೊಳ್ಳದೆ ಆ ಮನೆಯಲ್ಲಿ ಯಾವ ನೆಂಟನಿಗೂ ಚಹಾ ಸಿಕ್ಕಿದ್ದಿಲ್ಲ.

ಅಕ್ಕನ ಮಗಳು ಉಮಾಮಹೇಶ್ವರಿಗೆ ಈ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಸೋದರಮಾವ ಎಂಬ ಸಲಿಗೆಯೂ ಇತ್ತು, ಸೋದರಮಾವ ಎಂಬ ನಾಚಿಕೆಯೂ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಮನುಷ್ಯ ಅಕ್ಕನ ಮನೆ ಸೇರಿದ್ದ, ಸೇರಲಿ; ಎರಡು ಹೊತ್ತು ಉಣ್ಣುತ್ತಿದ್ದ, ಉಣ್ಣಲಿ. ಆದರೆ ಪಕ್ಕದ ಮನೆಯ ಕೊಟ್ರವ್ವ ಹರಿಹರಕ್ಕೆ ಹೋಗಿ ಬಂದೆ ಅಂದರೆ ಸಾಕು, ಇವನು ಮೂಗು ಮುರಿಯುತ್ತಿದ್ದ. "ಒಂಬತ್ತು ಮೈಲಿಗೆ ಮುಕ್ಕಾಲು ತಾಸು ರೈಲ್ನಾಗೆ ಕುಂತಿದ್ಯಾ? ಅಷ್ಟ್ರಾಗೆ ನಾನು ಸೂರತ್ ಹತ್ರ ಇದ್ದೆ ಕಣವ್ವ!" ಪಾಪ, ಕೊಟ್ರವ್ವ ಸೂರತ್ ಎಲ್ಲಿದೆ ಎಂದು ಯಾವತ್ತೂ ಕೇಳಲಿಲ್ಲ. ಅದು ಆಕಾಶದಲ್ಲೇ ಇರುವ ಊರು ಎಂದು ತಿಳಿದಿದ್ದಳೋ ಏನೋ.

ನೆಲದ ಮೇಲೆ ಅವನಿಗಿದ್ದ ಕೆಲಸ ಹತ್ತಿ ನೋಡುವುದು. ಮಿಲ್ಲಿಗೆ ಬಂದ ಅಂಡಿಗೆ ಮೂಟೆಯಿಂದ ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆದು, ಕಣ್ಣು ಕಿರಿದು ಮಾಡಿ, ಎಳೆ ಉದ್ದವೋ ಗಿಡ್ಡವೋ ಹೇಳುವುದು. ಅದರಲ್ಲಿ ಅವನ ಮಾತು ತಪ್ಪಿದ್ದಿಲ್ಲ. ಅಷ್ಟನ್ನು ಅವನಿಗೆ ಬಿಟ್ಟುಕೊಡಬೇಕು. ಐವತ್ತನಾಲ್ಕರಲ್ಲಿ ಹತ್ತಿಯ ಮಾದರಿ ಹಿಡಿದು ದಿಲ್ಲಿಗೆ ಹೋಗಬೇಕಿದ್ದ ಮಾಲೀಕರ ಅಳಿಯನಿಗೆ ಬೊಂಬಾಯಿಯಲ್ಲಿ ಜ್ವರ ಬಂತು. ಜೊತೆಗೆ ಗಂಟು ಹೊರಲು ಹೋಗಿದ್ದ ಇವನನ್ನೇ ಆ ಟಿಕೆಟ್ಟಿನ ಮೇಲೆ ವಿಮಾನಕ್ಕೆ ಹತ್ತಿಸಿದರು. ಹೋದವನು ಹದಿನೈದು ದಿನ ಬಿಟ್ಟು ವಾಪಸ್ಸು ಬಂದಾಗ ನಡಿಗೆಯೇ ಬದಲಾಗಿತ್ತು. ತಗ್ಗು ದಿಬ್ಬ ನೋಡದೆ ಕಾಲಿಡುವ ನಡಿಗೆ.

ತಂದದ್ದು ಒಂದು ನಶ್ಯದ ಡಬ್ಬಿ. ನಶ್ಯ ಅದರಲ್ಲಿರಲಿಲ್ಲ. ವಿಮಾನ ಏರುವಾಗ ಕಿವಿಗೆ ತುರುಕಿಕೊಳ್ಳಲು ಕೊಟ್ಟ ಎರಡು ಉಂಡೆ ಹತ್ತಿ, ಚೀಪಲು ಕೊಟ್ಟ ಪೆಪ್ಪರಮೆಂಟಿನ ಖಾಲಿ ಕಾಗದ, ಇಷ್ಟೇ. ಅದನ್ನು ದೇವರ ಗೂಡಿನಲ್ಲಿ ಕರಡಿಗೆಯ ಪಕ್ಕ ಇಟ್ಟಿದ್ದ. ಬಂದವರ ಮುಂದೆ ಮುಚ್ಚಳ ತೆಗೆದು, "ಹತ್ತಿ ಗಿಡ್ಡ ಎಳೇದು, ನಮ್ಮ ಕಡೇದಲ್ಲ," ಎಂದು ತೀರ್ಪು ಕೊಟ್ಟು ಮುಚ್ಚುತ್ತಿದ್ದ. ಕಿವಿಯಿಂದ ತೆಗೆದ ಹತ್ತಿಯನ್ನು ದೇವರ ಪಕ್ಕ ಇಡುತ್ತಾರೆಯೇ? ಥೂ! ಭೀಮವ್ವ ತಮ್ಮನ ಮೇಲಿನ ಮರುಕಕ್ಕೆ ಸುಮ್ಮನಿದ್ದಳು.

ಉಮಾಗೆ ಅವನ ಮೇಲೆ ಅನುಮಾನ ಬಂದದ್ದು ಹನ್ನೆರಡನೇ ವರ್ಷದಲ್ಲಿ. ಶಾಲೆಯಿಂದ ಅಟ್ಲಾಸ್ ತಂದು, ಬೊಂಬಾಯಿಯಿಂದ ದಿಲ್ಲಿಗೆ ದಾರ ಹಿಡಿದು ಅಳೆದಳು. ಏಳುನೂರ ಹತ್ತಕ್ಕೆ ಹತ್ತಿರ ಬಂತು. ಆ ಮಟ್ಟಿಗೆ ಮಾವ ಸುಳ್ಳನಲ್ಲ. ದಾರದ ಪಕ್ಕದಲ್ಲಿ ಸೂರತ್ ಇತ್ತು, ಮುಂದೆ ಬರೋಡ ಇತ್ತು, ಇನ್ನೂ ಮುಂದೆ ಎಷ್ಟೋ ಊರು. ಮಾವನ ಬಾಯಲ್ಲಿ ಮಾತ್ರ ಸೂರತ್ತಿನಿಂದ ಆಚೆಗೆ ಒಂದೂ ಊರು ಬರುತ್ತಿರಲಿಲ್ಲ. ಬೊಂಬಾಯಿಯ ಸಮುದ್ರ ಕೆಳಕ್ಕೆ ಜಾರಿದ್ದು, ದೋಣಿಗಳು ಅಕ್ಕಿಕಾಳಿನಷ್ಟು ಆದದ್ದು, ಎಲ್ಲ ಹೇಳುತ್ತಿದ್ದ. "ಮಾವ, ದಿಲ್ಲಿ ಮ್ಯಾಲಿಂದ ಹೆಂಗೆ ಕಾಣ್ತೈತೆ?" ಎಂದು ಒಮ್ಮೆ ಕೇಳಿದಳು.

"ಮೋಡ ಇತ್ತು," ಎಂದು ಎದ್ದು ಹೋದ.

ಆಮೇಲೆ ಅವಳು ಎಷ್ಟು ಸಲ ಕೇಳಿದರೂ ದಿಲ್ಲಿಯ ಮೇಲೆ ಮೋಡ. ಆ ಮೋಡ ಚದುರಲೇ ಇಲ್ಲ. ಹುಡುಗಿಗೆ ಅರ್ಥವಾಯಿತು, ಈ ಕಥೆಯಲ್ಲಿ ಎಲ್ಲೋ ಒಂದು ತೂತು ಇದೆ. ಯಾವ ತೂತು ಅಂತ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವಷ್ಟು ಗೌರವವೂ ಅವನ ಮೇಲೆ ಉಳಿದಿರಲಿಲ್ಲ. ಮಾವ ಬಾಯಿ ತೆರೆದಾಗಲೆಲ್ಲ ಅವಳು ಎದ್ದು ಹಿತ್ತಲಿಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಿದ್ದಳು.

ಅರವತ್ತೊಂದರ ದೀಪಾವಳಿ ಕಳೆದ ಮೇಲೆ ಅವಳನ್ನು ನೋಡಲು ರೇವಣ್ಣ ಬಂದ. ಉಕ್ಕಡಗಾತ್ರಿ ದಾರಿಯ ಹಳ್ಳಿಯ ರೈತ ಹನುಮಂತಪ್ಪನ ಹಿರಿಯ ಮಗ. ಡಿಪ್ಲೊಮಾ ಓದಿ ದಿಲ್ಲಿಯ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಹುಡುಗ ದಿಲ್ಲಿಯವನು ಎಂದು ಕೇಳಿದ್ದೇ ಸಣ್ಣಬೀರಪ್ಪನಿಗೆ ಕೈಗೆ ಆಕಾಶವೇ ಸಿಕ್ಕಿತು. ಡಬ್ಬಿ ಬಂತು, ಮುಚ್ಚಳ ತೆರೆಯಿತು, ಏಳ್ನೂರ ಹದಿನೈದು ಮೈಲಿ ಬಂತು. ಹುಡುಗಿ ನೋಡಲು ಬಂದವನು ಅರ್ಧ ತಾಸು ಕಿವಿಯ ಹತ್ತಿ ನೋಡಿದ. ಎಲ್ಲ ಕೇಳಿಸಿಕೊಂಡು ರೇವಣ್ಣ ಸರಳವಾಗಿ ಕೇಳಿದ: "ಮಾವಾರೆ, ಇಳಿಯುವಾಗ ಕಿವಿ ಬಾಳ ನೋಯ್ತೈತಂತಲ್ರಿ, ಹೌದೇನ್ರಿ?"

ಸಣ್ಣಬೀರಪ್ಪ, "ಉಪ್ಪಿಟ್ಟು ತಗೋರಿ, ಆರ್ತೈತೆ," ಅಂದ.

ಬಾಗಿಲ ಹಿಂದೆ ನಿಂತಿದ್ದ ಉಮಾಗೆ ನಗು ತಡೆಯಲಾಗಲಿಲ್ಲ. ರೇವಣ್ಣ ತಲೆಯೆತ್ತಿ ನೋಡಿದ. ಅವನ ತುಟಿಯ ಅಂಚಿನಲ್ಲೂ ಅದೇ ನಗು ಇತ್ತು. ಅವನಿಗೆ ಏನು ತಿಳಿಯಿತೋ ಏನು ಬಿಟ್ಟಿತೋ, ಅವಳಿಗಂತೂ ಆ ಕ್ಷಣಕ್ಕೇ ಮನಸ್ಸು ಹೋಯಿತು. ಈ ಮನೆಯಲ್ಲಿ ಏಳೆಂಟು ವರ್ಷದಿಂದ ಯಾರೂ ಕೇಳದ ಪ್ರಶ್ನೆಯನ್ನು ಕೂತ ಕೂಡಲೇ ಕೇಳಿದ ಗಂಡಸು. ಮದುವೆ ಆದರೆ ಇವನನ್ನೇ ಆಗಬೇಕು ಎಂದು ತನ್ನೊಳಗೇ ಹೇಳಿಕೊಂಡಳು. ಒಪ್ಪಿಗೆಯಾಯಿತು. ಅರವತ್ತೆರಡರ ಫೆಬ್ರವರಿ, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ಮುಹೂರ್ತ. ಹರಿಹರೇಶ್ವರ ಗುಡಿಯ ಪಕ್ಕದ ಛತ್ರ.

ಇಲ್ಲಿಯವರೆಗೆ ಮಾವನ ವಿಮಾನದಿಂದ ಯಾರಿಗೂ ಕೆಡುಕಾಗಿರಲಿಲ್ಲ, ತಲೆನೋವೊಂದನ್ನು ಬಿಟ್ಟು. ಕೆಟ್ಟದ್ದು ಈಗ. ರಜೆ ಕಮ್ಮಿ ಇದೆ, ರೈಲಿನಲ್ಲಿ ಬಂದರೆ ಮೂರು ದಿನ ದಾರಿಗೇ ಹೋಗುತ್ತದೆ, ಆದರೂ ಬುಧವಾರವೇ ಹೊರಟುಬಿಡಲೇ ಎಂದು ರೇವಣ್ಣ ಕಾಗದ ಬರೆದ. ಸಣ್ಣಬೀರಪ್ಪ ಕಾಗದವನ್ನು ಭಾವನ ಕೈಯಿಂದ ಕಿತ್ತುಕೊಂಡ. "ರೈಲಾ? ಬೀರಪ್ಪನ ಮನೆ ಅಳಿಯ ರೈಲ್ನಾಗೆ ಬರ್ತಾನಾ? ವಿಮಾನಕ್ಕೆ ಬರ್ಲಿ! ಶನಿವಾರ ಬೆಳಿಗ್ಗೆ ದಿಲ್ಲಿ ಬಿಟ್ರೆ ಮಧ್ಯಾಹ್ನಕ್ಕೆ ಬೊಂಬಾಯಿ. ಅಲ್ಲಿಂದ ರೈಲು. ಭಾನುವಾರ ಸಂಜೆ ಹರಿಹರದಾಗೆ ಅರಿಶಿಣ. ಹರಿಹರದ ಜನ ಹುಟ್ಟಿದಾಗಿಂದ ಇಂಥ ಮದುಮಗನ್ನ ಕಂಡಿರಬಾರ್ದು."

"ತಡಗಿಡ ಆದ್ರೆ?" ಎಂದು ಮೈಲಪ್ಪ ಮೆಲ್ಲಗೆ ಕೇಳಿದ.

"ಗಡಿಯಾರ ಇಟ್ಟಂಗೆ ಭಾವ. ನಾನು ಹೋಗಿಲ್ಲೇನು?"

ಮಿಲ್ಲಿನಲ್ಲಿ ಇನ್ನೂರು ಜನರ ಬಾಯಿ ಮುಚ್ಚಿಸುವ ಜಾಬರ್, ಅಂದರೆ ಮೇಸ್ತ್ರಿ, ಮೈಲಪ್ಪ ಮನೆಯಲ್ಲಿ ಈ ಭಾವಮೈದುನನ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ವಿಮಾನದ ಟಿಕೆಟ್ಟು ಹೆಣ್ಣಿನ ಕಡೆಯ ಉಡುಗೊರೆ ಎಂದು ತೀರ್ಮಾನವಾಯಿತು. ಉಮಾ ಒಬ್ಬಳೇ, "ಮಾವ, ಒಂದಿನ ಮುಂಚೆ ಹೊರಡ್ಲಿ ಅಂತ ಬರಿ," ಅಂದಳು. ಅವನು ಬರೆಯಲಿಲ್ಲ. ನಾಲ್ಕು ತಾಸಿನ ಪ್ರಯಾಣಕ್ಕೆ ಒಂದು ದಿನ ಮುಂಚೆ ಹೊರಡು ಎಂದು ಬರೆದರೆ ನಾಲ್ಕು ತಾಸಿಗೆ ಏನು ಬೆಲೆ ಉಳಿಯಿತು?

ಭಾನುವಾರ ಸಂಜೆ ವಾಲಗದವರನ್ನು ಮುಂದಿಟ್ಟುಕೊಂಡು ಸಣ್ಣಬೀರಪ್ಪ ಹರಿಹರದ ಸ್ಟೇಷನ್ನಿಗೆ ಹೋದ. ಹೊಸ ರುಮಾಲು, ಇಸ್ತ್ರಿಯ ಕೋಟು, ಕೈಯಲ್ಲಿ ಮಾಲೆ. ರೈಲು ಬಂತು, ಕಡಲೆಕಾಯಿ ಮೂಟೆಗಳೂ ಒಂದಷ್ಟು ಮೇಷ್ಟ್ರುಗಳೂ ಇಳಿದರು, ಹೋಯಿತು. ಮಾಲೆಯೊಂದಿಗೆ ವಾಪಸ್ಸು ಬಂದ. "ಬೊಂಬಾಯಾಗೆ ರೈಲು ತಪ್ಪಿರ್ತೈತೆ," ಎಂದ. ಅರಿಶಿಣವನ್ನು ಹುಡುಗಿಗೆ ಮಾತ್ರ ಹಚ್ಚಿದರು. ಸೋಮವಾರ ಬೆಳಗಿನ ರೈಲೂ ಬಂತು, ಅದರಲ್ಲೂ ಹುಡುಗನಿಲ್ಲ. ಒಂಬತ್ತು ಗಂಟೆಗೆ ಛತ್ರದ ಅಂಗಳದಲ್ಲಿ ಗುಸುಗುಸು ಎದ್ದಿತು.

ಈ ಕುಲದ ಹಿರಿಯರ ಬಗ್ಗೆ ಏನು ಹೇಳುವುದು! ಊಟಕ್ಕೆ ಎಲೆ ಹಾಕುವವರೆಗೆ ಮೂಕರು, ಎಲೆ ತಡವಾದರೆ ಪಂಡಿತರು. ಕಂಬಕ್ಕೆ ಒರಗಿ ಎಲೆಯಡಿಕೆ ಮೆಲ್ಲುತ್ತಿದ್ದ ಐದು ಜನ ಒಂದೇ ದನಿಯಲ್ಲಿ ಹೇಳಿದರು: ಅರಿಶಿಣ ಹಚ್ಚಿದ ಹುಡುಗಿ, ಹಂದರದಿಂದ ತಾಳಿಯಿಲ್ಲದೆ ಮನೆಗೆ ಹೋಗುವಂತಿಲ್ಲ. ಮುಹೂರ್ತ ತಪ್ಪುವಂತಿಲ್ಲ. ಹುಡುಗ ಎಲ್ಲಿ?

ಹನುಮಂತಪ್ಪನ ಮುಖ ಕಪ್ಪಿಟ್ಟಿತ್ತು. ಮಾನಸ್ಥ, ಮಗನ ಹೆಸರಿನಲ್ಲಿ ಬೀಗರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಅವನಿಂದ ಆಗುತ್ತಿರಲಿಲ್ಲ. ಅವನು ಸಣ್ಣಬೀರಪ್ಪನ ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ ಕೇಳಿದ: "ಬೀರಪ್ಪನೋರೆ, ನೀವು ತಿಳಿದೋರು. ಈ ವಿಮಾನ ತಡ ಆಗ್ತೈತೇನ್ರಿ?"

ಇದು ಅವನು ನಿಜ ಹೇಳಬೇಕಿದ್ದ ಗಳಿಗೆ. ಒಂದು ಮಾತು ಸಾಕಿತ್ತು. ಆಗ್ತೈತೆ ಬೀಗರೇ, ಒಮ್ಮೊಮ್ಮೆ ಆಗ್ತೈತೆ, ಎಂದಿದ್ದರೆ ಮುಗಿಯುತ್ತಿತ್ತು. ಒಳಕೋಣೆಯಲ್ಲಿ ಬಾಸಿಂಗ ಕಟ್ಟಿಸಿಕೊಳ್ಳುತ್ತಿದ್ದ ಉಮಾ ಕಿವಿಗೊಟ್ಟಳು. ಎಂಟು ವರ್ಷದ ಚಾಳಿ, ನಾಲಗೆ ತಾನಾಗಿಯೇ ಹೊರಳಿತು. "ಛೇ ಛೇ! ನಾಲ್ಕು ತಾಸು ಅಂದ್ರೆ ನಾಲ್ಕು ತಾಸು. ಗಡಿಯಾರ ಇಟ್ಟಂಗೆ."

"ಹಂಗಾದ್ರೆ ನನ್ ಮಗ ವಿಮಾನ ಹತ್ತಿಲ್ಲ," ಎಂದ ಹನುಮಂತಪ್ಪ. "ಹತ್ತಿದ್ರೆ ಬರ್ಬೇಕಿತ್ತು. ಅವನಿಗೆ ಈ ಮದುವಿ ಬ್ಯಾಡಾಗೈತೆ. ದಿಲ್ಲ್ಯಾಗೆ ಯಾವಳನ್ನ ನೋಡ್ಕಂಡಾನೋ ಏನೋ."

ಹಿರಿಯರು ತಲೆಯಾಡಿಸಿದರು. ಲೆಕ್ಕ ಸರಿಯಾಗಿಯೇ ಇತ್ತಲ್ಲ! ವಿಮಾನ ತಪ್ಪುವುದಿಲ್ಲ, ಹುಡುಗ ಬಂದಿಲ್ಲ, ಅಂದಮೇಲೆ ತಪ್ಪು ಹುಡುಗನದು. ಹನುಮಂತಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿ, "ನಿಮ್ಮ ಹುಡುಗೀನ ನಾನು ಬೀದ್ಯಾಗೆ ನಿಲ್ಸಲ್ಲ. ನಮ್ಮ ಸಣ್ಣಾವ ಅದಾನೆ, ನಿಂಗಪ್ಪ. ಅವನೇ ತಾಳಿ ಕಟ್ತಾನೆ," ಎಂದ. ಎಂಥ ದೊಡ್ಡ ಮನಸ್ಸು ಎಂದು ಹಿರಿಯರು ಕೊಂಡಾಡಿದರು. ಹಿತ್ತಲಲ್ಲಿ ಹುಗ್ಗಿಯ ಕೊಳಗಕ್ಕೆ ಬೆಲ್ಲ ಹಾಕುತ್ತಿದ್ದ ನಿಂಗಪ್ಪನನ್ನು ಇಬ್ಬರು ರಟ್ಟೆ ಹಿಡಿದು ಎಳೆದು ತಂದರು. ಅವನ ಕೈಯಲ್ಲಿ ಸೌಟು ಹಾಗೇ ಇತ್ತು. "ಅಪ್ಪಾ, ಅತ್ತಿಗಿ ಅಲ್ಲೇನು ಆಕಿ?" ಎಂದು ಕೇಳಿದ. ಹಿರಿಯರೊಬ್ಬರು ಸೌಟು ಕಿತ್ತುಕೊಂಡರು. ಅವನ ಮಾತಿಗೆ ಅಷ್ಟೇ ಉತ್ತರ.

ಒಳಕೋಣೆಗೆ ಈ ಸುದ್ದಿ ಮುಟ್ಟಿತು. ಭೀಮವ್ವ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಮೈಲಪ್ಪ ಬಾಗಿಲಲ್ಲಿ ನಿಂತು, "ಏನ್ ಮಾಡ್ಲಿ ಮಗಾ, ಹಂದರದಾಗೆ ಮಾನ ಹೋಗ್ತೈತೆ," ಎಂದ. ಉಮಾಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ, ನಿಂಗಪ್ಪನ ಮೇಲೂ ಬರಲಿಲ್ಲ. ಆ ಹುಡುಗ ತನಗಿಂತ ಹೆಚ್ಚು ಹೆದರಿದ್ದ. ಎಲ್ಲ ಸಿಟ್ಟೂ ಒಬ್ಬನ ಮೇಲೆ ಬಂತು. ಇನ್ನು ಇಪ್ಪತ್ತು ನಿಮಿಷಕ್ಕೆ ತನ್ನ ಕೊರಳಿಗೆ ಬೇರೊಬ್ಬನ ತಾಳಿ ಬೀಳುತ್ತದೆ, ರೇವಣ್ಣ ನಾಳೆಯೋ ನಾಡಿದ್ದೋ ಬಂದು ತನ್ನನ್ನು ತಮ್ಮನ ಹೆಂಡತಿಯಾಗಿ ನೋಡುತ್ತಾನೆ, ಜೀವನವಿಡೀ ಒಂದೇ ಹೊಸ್ತಿಲೊಳಗೆ ಅವನ ಎಲೆಗೆ ತಾನು ಬಡಿಸಬೇಕು. ಯಾತಕ್ಕೆ? ಒಂದು ಡಬ್ಬಿ ಕಿವಿಯ ಹತ್ತಿಗೆ!

ಸೋದರಮಾವ ಹುಡುಗಿಯನ್ನು ಕೈಹಿಡಿದು ಹಸೆಗೆ ತರಬೇಕು, ಅದು ಪದ್ಧತಿ. ಸಣ್ಣಬೀರಪ್ಪ ಬಂದು ಕೈ ಚಾಚಿದ. ಉಮಾ ಆ ಕೈ ಹಿಡಿದು ಹಂದರದ ನಡುವಿನವರೆಗೆ ನಡೆದಳು. ಅಲ್ಲಿ ನಿಂತುಬಿಟ್ಟಳು. ಕೈ ಬಿಡಲಿಲ್ಲ.

"ಮಾವ," ಎಂದಳು. ಬಾಸಿಂಗ ಕಟ್ಟಿದ ಹುಡುಗಿ ಹಂದರದಲ್ಲಿ ಬಾಯಿ ತೆರೆದದ್ದಕ್ಕೆ ವಾಲಗದವನು ಊದುವುದನ್ನೇ ನಿಲ್ಲಿಸಿದ. "ದಿಲ್ಲಿ ಮ್ಯಾಲಿಂದ ಹೆಂಗೆ ಕಾಣ್ತೈತೆ? ಹೇಳು."

"ಈಗ ಯಾಕವ್ವ ಅದು?"

"ಈಗಲೇ ಹೇಳು."

"ಮೋಡ..."

"ಎಂಟು ವರ್ಷ ಮೋಡನಾ? ಸೂರತ್ ಆದ್ಮ್ಯಾಲೆ ಯಾವ ಊರು ಬರ್ತೈತೆ? ನಿನ್ನ ವಿಮಾನ ದಿಲ್ಲ್ಯಾಗೆ ಇಳೀತಾ, ಇಲ್ಲಾ? ಹೌದು ಅಂದ್ರೆ ನಾನು ಇವತ್ತು ನಿಂಗಪ್ಪನ ಪಕ್ಕ ಕೂಡ್ತೀನಿ. ಈ ಬಾಸಿಂಗದ ಮ್ಯಾಲೆ ಕೈ ಇಟ್ಟು ಹೇಳು."

ಅವಳು ಅವನ ಕೈಯನ್ನೆತ್ತಿ ತನ್ನ ಹಣೆಯ ಹತ್ತಿರ ತಂದಳು. ಸಣ್ಣಬೀರಪ್ಪ ಕೈ ಕಿತ್ತುಕೊಂಡ. ಸುತ್ತಲೂ ನೋಡಿದ. ಕಂಬದ ಬಳಿಯ ಹಿರಿಯರು, ಬೀಗರು, ಮಿಲ್ಲಿನಿಂದ ಬಂದ ನಲವತ್ತು ಜನ, ಬಾಯಿ ತೆರೆದುಕೊಂಡ ಕೊಟ್ರವ್ವ. ಇಷ್ಟು ಜನ ಒಟ್ಟಿಗೆ ಅವನ ವಿಮಾನದ ಕಥೆಗೆ ಕಾದು ನಿಂತದ್ದು ಎಂಟು ವರ್ಷದಲ್ಲಿ ಇದೇ ಮೊದಲು. ಈ ಮನುಷ್ಯ ಮತ್ತೆ ಮೋಡ ಅನ್ನುತ್ತಾನೆ ಎಂದೇ ಉಮಾ ಅಂದುಕೊಂಡಳು.

"ಇಳೀಲಿಲ್ಲ," ಎಂದ ಸಣ್ಣಬೀರಪ್ಪ.

"ಜೋರಾಗಿ ಹೇಳ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ದಿಲ್ಲಿಗೆ ಹೋಗ್ಲಿಲ್ಲ ಅದು!" ಅವನ ದನಿ ಒಡೆಯಿತು. "ಸೂರತ್ ದಾಟಿದ್ಮ್ಯಾಲೆ ಒಂದು ಕಡೆ ರೆಕ್ಕೆ ಗಡಗಡ ಅಂತು. ಹೊಗೆ ಬಂತು. ತಿರುಗಿಸ್ಕೊಂಡು ವಾಪಸ್ ಬೊಂಬಾಯಿಗೆ ತಂದು ಇಳಿಸಿದ್ರು. ನಾನು ಕಣ್ಣು ಮುಚ್ಕೊಂಡು ಮುಂದಿನ ಕುರ್ಚಿ ತಬ್ಬಿಕೊಂಡಿದ್ದೆ. ಧೋತ್ರದಾಗೆ ಉಚ್ಚೆ ಹುಯ್ಕೊಂಡೆ. ಮರುದಿನ ಹತ್ತು ಅಂದ್ರು, ಹತ್ತಲಿಲ್ಲ. ಕಾಲು ಹಿಡ್ಕೊಂಡು ಅತ್ತೆ. ರೈಲ್ನಾಗೆ ಹೋದೆ, ದಿಲ್ಲಿ ಸೇರೋ ಹೊತ್ತಿಗೆ ಹತ್ತಿ ತೋರ್ಸೋ ಕೆಲ್ಸ ಎಲ್ಲಾ ಮುಗಿದಿತ್ತು. ಆ ನಾಲ್ಕು ತಾಸು ಟಿಕೀಟಿನ ಜೊತಿಗೆ ಕೊಟ್ಟ ಚೀಟ್ಯಾಗೆ ಬರ್ದಿತ್ತು. ಓದ್ಕೊಂಡು ಹೇಳಿದೆ. ಅಷ್ಟೇ."

ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಅವನ ಹಿಂದೆ ಇನ್ನೊಬ್ಬ. ಮಿಲ್ಲಿನವರು ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡು ನಕ್ಕರು. "ಉಚ್ಚೆ ಬೀರಪ್ಪ!" ಎಂಬ ಹೆಸರು ಅಲ್ಲೇ ಹುಟ್ಟಿತು. ಕೊಟ್ರವ್ವ ಸೆರಗು ಮುಚ್ಚಿಕೊಂಡು ಬಾಗಿ ಬಾಗಿ ನಗುತ್ತಿದ್ದಳು. ಎಂಟು ವರ್ಷ ಇವನಿಂದ ಒಂಬತ್ತು ಮೈಲಿಯ ಮಾತು ಕೇಳಿಸಿಕೊಂಡವಳು, ನಗದೆ ಬಿಡುತ್ತಾಳೆಯೇ!

ನಗದೆ ನಿಂತವನು ಹನುಮಂತಪ್ಪ ಒಬ್ಬನೇ. "ಹಂಗಾದ್ರೆ ವಿಮಾನ ವಾಪಸ್ಸೂ ಬರ್ತೈತೆ?" ಎಂದು ಕೇಳಿದ.

"ಬರ್ತೈತ್ರಿ ಬೀಗರೇ. ನಂದು ಬಂತಲ್ಲ."

"ತಡಾನೂ ಆಗ್ತೈತೆ?"

"ಆಗ್ತೈತ್ರಿ. ನಿಮ್ಮ ಹುಡುಗ ಹತ್ತಿರ್ತಾನೆ. ಅವನ ತಪ್ಪು ಇಲ್ರಿ. ವಿಮಾನಕ್ಕೆ ಬಾ ಅಂತ ಕಾಗದ ಬರೆದಾವ ನಾನು."

ಹನುಮಂತಪ್ಪ ಕಣ್ಣೊರೆಸಿಕೊಂಡ. ಮಗ ಕೈಬಿಟ್ಟಿಲ್ಲ ಎಂಬ ಒಂದು ಮಾತಿಗೆ ಆ ಮನುಷ್ಯ ಬೆಳಗಿನಿಂದ ಕಾದಿದ್ದ. ಅವನು ಅಯ್ಯನೋರ ಕಡೆ ತಿರುಗಿದ. ಅಯ್ಯನೋರು ಪಂಚಾಂಗ ಬಿಚ್ಚಿ, ಸಂಜೆ ಐದು ಐವತ್ತಕ್ಕೆ ಗೋಧೂಳಿ ಲಗ್ನ ಇದೆ, ಅಲ್ಲಿಯವರೆಗೆ ಹುಡುಗಿ ಅರಿಶಿಣದಲ್ಲೇ ಕೂತರೆ ಅಡ್ಡಿಯಿಲ್ಲ ಎಂದರು. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಸ್ವಾಮಿ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದರು. ನಿಂಗಪ್ಪ ಹೇಳದೆ ಕೇಳದೆ ಹುಗ್ಗಿಯ ಕೊಳಗದ ಹತ್ತಿರ ಓಡಿಹೋದ. ಹಿರಿಯರು ಊಟಕ್ಕೆ ಕೂತರು. ಮದುವೆ ಆಗದಿದ್ದರೂ ಎಲೆ ಬಿದ್ದಿತಲ್ಲ, ಅವರಿಗೆ ಬೇಕಾದದ್ದು ಅಷ್ಟೇ.

ಸಣ್ಣಬೀರಪ್ಪ ಊಟ ಮಾಡಲಿಲ್ಲ. ಛತ್ರದ ಹೊರಗೆ ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕೂತ. ಹೋಗಿಬರುವ ಹುಡುಗರು ಎರಡೂ ಕೈ ಚಾಚಿ ಗುಂಯ್ ಎಂದು ಅವನ ಸುತ್ತ ಹಾರಿ, ವಾಪಸ್ಸು ಬಂದು, ಧೋತ್ರ ಹಿಡಿದುಕೊಂಡು ನಗುತ್ತಿದ್ದರು. ಅವನು ಬೈಯಲಿಲ್ಲ. ಕಿಟಕಿಯಿಂದ ಉಮಾ ನೋಡಿದಳು. ಕರುಣೆ ಬಂತೇ ಎಂದರೆ, ಇಲ್ಲ. ಬಾವಿಯ ಅಂಚಿಗೆ ತಂದು ನಿಲ್ಲಿಸಿದವನು ತಾನೇ ಹಿಂದಕ್ಕೆಳೆದ ಮಾತ್ರಕ್ಕೆ ಕಾಲಿಗೆ ಬೀಳಬೇಕೇ? ರೇವಣ್ಣ ಸಂಜೆಯೊಳಗೆ ಬರದಿದ್ದರೆ ಈ ಉಚ್ಚೆಯ ಕಥೆಯೂ ನೀರುಪಾಲು. ಅವಳು ಬಾಸಿಂಗ ಬಿಚ್ಚದೆ, ನೀರೂ ಕುಡಿಯದೆ ಕೂತಳು.

ಮೂರೂವರೆಗೆ ತುಂಗಭದ್ರೆಯ ಸೇತುವೆ ಕಡೆಯಿಂದ ಮೆಣಸಿನಕಾಯಿ ಲಾರಿಯೊಂದು ಬಂದು ಛತ್ರದ ಮುಂದೆ ನಿಂತಿತು. ಡ್ರೈವರ್ ಹಿದಾಯತ್ ಎಂಬವನು ಇಳಿದು, "ನಿಮ್ಮ ದೂಲ್ಹಾ ತಂದೀನಿ, ಇಳಿಸ್ಕೊಳ್ರಿ!" ಎಂದು ಕೂಗಿದ. ಹುಬ್ಬಳ್ಳಿಯಿಂದ ಮೂಟೆಗಳ ಮೇಲೆ ಕೂತು ಬಂದಿದ್ದ ರೇವಣ್ಣ, ಸೀನುತ್ತ, ಕೆಂಗಣ್ಣು ಬಿಡುತ್ತ ಕೆಳಗಿಳಿದ. ಹನುಮಂತಪ್ಪ ಓಡಿಹೋಗಿ ಮಗನನ್ನು ತಬ್ಬಿಕೊಂಡು, ಬೆನ್ನಿಗೆ ಎರಡು ಗುದ್ದಿ, ಮತ್ತೆ ತಬ್ಬಿಕೊಂಡ. "ತಂತಿ ಬರಲಿಲ್ಲೇನಪ್ಪ?" ಎಂದು ರೇವಣ್ಣ ಬೆರಗಾಗಿ ಕೇಳಿದ. ಬೊಂಬಾಯಿಯಿಂದ ಅವನು ಕೊಟ್ಟ ತಂತಿ ದಾವಣಗೆರೆಯಲ್ಲಿ ಬೀಗ ಹಾಕಿದ ಮನೆಯ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಅದು ಸಿಕ್ಕಿದ್ದು ಮಾರನೇ ದಿನ.

ಸುತ್ತ ನೆರೆದವರಿಗೆ ಅವನು ಹೇಳಿದ: "ದಿಲ್ಲ್ಯಾಗೆ ಮೊದಲು ಮಂಜು, ಆಮ್ಯಾಲೆ ಎಂಜಿನ್ ಕೆಟ್ಟಿತು. ಕುಂತಿದ್ದು ಇಪ್ಪತ್ತೆರಡು ತಾಸು. ಹಾರಿದ್ದು ಮೂರು ತಾಸೂ ಇಲ್ಲ. ಈಗ ಹೊಸಾ ವಿಮಾನ ಬಂದಾವಲ್ಲ, ಬಾಳ ಜೋರು."

ಮೂರು ತಾಸೂ ಇಲ್ಲ! ಅಂದರೆ ಆ ನಾಲ್ಕು ತಾಸು ಕೂಡ ಹಳಸಿಹೋಗಿ ಎಷ್ಟು ವರ್ಷವಾಯಿತೋ. ಬೇರೆ ದಿನವಾಗಿದ್ದರೆ ಸಣ್ಣಬೀರಪ್ಪ ಹುಡುಗನ ಬಾಯಿ ಹಿಡಿದು ತಿದ್ದುತ್ತಿದ್ದ. ಇವತ್ತು ಕಟ್ಟೆಯಿಂದ ಏಳಲಿಲ್ಲ. ಯಾವ ಸಂಗತಿಯೂ ಗೊತ್ತಿಲ್ಲದ ರೇವಣ್ಣ ತಾನೇ ಅವನ ಹತ್ತಿರ ಹೋಗಿ, ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. "ಮಾವಾರೆ, ನಿಮಗೆ ಅಂತ ಇಟ್ಕೊಂಡು ಬಂದೆ," ಎಂದು ಕೈಗಿಟ್ಟ. ಎರಡು ಉಂಡೆ ಹತ್ತಿ, ಒಂದು ಪೆಪ್ಪರಮೆಂಟು.

ಅಂಗಳವೆಲ್ಲ ಹೋ ಎಂದು ನಕ್ಕಿತು. ನಗು ಗುಡಿಯ ಗೋಪುರಕ್ಕೆ ಬಡಿದು ಬಂತು. ಕಿಟಕಿಯಲ್ಲಿದ್ದ ಉಮಾಗೆ ಮಾತ್ರ, ಮಾವನ ವಿಷಯದಲ್ಲಿ ಮೊಟ್ಟಮೊದಲ ಬಾರಿಗೆ, ನಗು ಬರಲಿಲ್ಲ. ಅವಳಿಗೆ ಆ ನಗುವವರ ಮೇಲೇ ಹೇಸಿಗೆಯಾಯಿತು. ಬೆಳಿಗ್ಗೆ ಇದೇ ಬಾಯಿಗಳೇ ಅಲ್ಲವೇ ತನ್ನನ್ನು ನಿಂಗಪ್ಪನಿಗೆ ಕಟ್ಟಿ ಹುಗ್ಗಿಗೆ ಕೂರಲು ಹೊರಟಿದ್ದು? ಇವರಲ್ಲಿ ಒಬ್ಬರಾದರೂ ತಮ್ಮದೆಂಬ ಒಂದು ಚೂರನ್ನು ತನಗಾಗಿ ಕಳೆದುಕೊಂಡಿದ್ದರೇ? ಕಳೆದುಕೊಂಡವನು ಕಟ್ಟೆಯ ಮೇಲೆ ಕೂತಿದ್ದ, ಅವನ ಹತ್ತಿರ ಇದ್ದದ್ದೇ ಅದೊಂದು.

ಸಣ್ಣಬೀರಪ್ಪ ನಗುವವರ ಕಡೆ ನೋಡಲಿಲ್ಲ. ಚಿಟಿಕೆ ಹತ್ತಿ ಕಿತ್ತು, ಹೆಬ್ಬೆರಳ ನಡುವೆ ಎಳೆದು, ಕಣ್ಣು ಕಿರಿದು ಮಾಡಿ ನೋಡಿದ. ಗಿಡ್ಡ ಎಳೆಯೋ ಉದ್ದದ್ದೋ ಹೇಳಲಿಲ್ಲ. ಕಟ್ಟೆಯ ಮೇಲೆ ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

"ಕೂಡ್ರಿ ಅಳಿಯಂದಿರೇ," ಎಂದ. "ಅದು ಇಳಿಯುವಾಗ ಹೆಂಗಿರ್ತೈತೆ, ಹೇಳ್ರಿ. ನಾನು ಕಣ್ಣು ಮುಚ್ಕೊಂಡಿದ್ದೆ."